ಹೋದ ತಿಂಗಳು ಸೊನ್ನೆ, ಈ ತಿಂಗಳು ಸಾವಿರದ ಎಂಟುನೂರು: ಮೀಟರ್ ಕೆಟ್ಟಿದೆಯಾ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಎರಡು ಬೆಡ್‌ರೂಮಿನ ಮನೆ. ನವೆಂಬರ್‌ನಲ್ಲಿ ಕರೆಂಟ್ ಬಿಲ್ ಸೊನ್ನೆ ಬಂದಿತ್ತು. ಡಿಸೆಂಬರ್‌ನಲ್ಲಿ ಸಾವಿರದ ಎಂಟುನೂರು ದಾಟಿದೆ. ಮನೆಗೆ ಹೊಸ ಸಾಮಾನು ಒಂದೂ ತಂದಿಲ್ಲ. ಮೀಟರ್ ಕೆಟ್ಟಿದೆಯಾ, ಇಲ್ಲಾ ಗೃಹಜ್ಯೋತಿಯಿಂದ ನಮ್ಮನ್ನು ತೆಗೆದುಬಿಟ್ಟರಾ?

ಎರಡೂ ಅಲ್ಲ. ನೀವು ಕಳಿಸಿದ ಎರಡು ಬಿಲ್‌ಗಳ ಫೋಟೊ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನವೆಂಬರ್‌ನಲ್ಲಿ 191 ಯೂನಿಟ್, ಡಿಸೆಂಬರ್‌ನಲ್ಲಿ 206. ಹೆಚ್ಚಾಗಿರುವುದು ಹದಿನೈದೇ ಯೂನಿಟ್. ಆ ಹದಿನೈದರಲ್ಲಿ ನಿಮ್ಮ ಜೇಬಿಗೆ ಕತ್ತರಿ ಹಾಕಿದ್ದು 201ನೆಯ ಯೂನಿಟ್.

ಗೃಹಜ್ಯೋತಿಯ ಲೆಕ್ಕ ಬಹಳ ಜನ ತಿಳಿದಿರುವಂತೆ ‘ಇನ್ನೂರು ಯೂನಿಟ್ ಫ್ರೀ’ ಅಲ್ಲ. 2023ರ ಜುಲೈ ಬಳಕೆಯಿಂದ ಶುರುವಾದ ಈ ಯೋಜನೆಯಲ್ಲಿ ಒಂದೊಂದು ಮನೆಗೆ ಒಂದೊಂದು ಮಿತಿ ಇದೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಶೇ. 10 ಸೇರಿಸುತ್ತಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾ ಲೆಕ್ಕ ಬಿಟ್ಟು ನೇರವಾಗಿ 10 ಯೂನಿಟ್ ಸೇರಿಸಿಕೊಡುತ್ತಾರೆ. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ಸಿಗುವುದು 58 ಯೂನಿಟ್ ಮಾತ್ರ. ಹೊಸ ಫ್ಲ್ಯಾಟ್‌ಗೆ ಹೋದವರು ‘ನಮಗ್ಯಾಕೆ ಬಿಲ್ ಬಂತು’ ಎಂದು ಕೇಳುವುದು ಇದೇ ಕಾರಣಕ್ಕೆ. ನಿಮ್ಮ ಸರಾಸರಿ 180 ಇತ್ತು, ಹಾಗಾಗಿ ಅರ್ಹ ಯೂನಿಟ್ 198. ನವೆಂಬರ್‌ನಲ್ಲಿ ಅದರೊಳಗೇ ಇದ್ದಿರಿ, ಸೊನ್ನೆ ಬಂತು.

ಅರ್ಹ ಮಿತಿ ದಾಟಿದರೂ 200ರೊಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಅಷ್ಟೂ ಬಿಲ್ ನಿಮ್ಮದೇ, ಮೊದಲ ಯೂನಿಟ್‌ನಿಂದ. ನಿಮ್ಮ ಮೀಟರ್ 200ಕ್ಕೆ ನಿಂತಿದ್ದರೆ ಎರಡು ಯೂನಿಟ್‌ಗೆ ಹೆಚ್ಚುಕಮ್ಮಿ 13 ರೂಪಾಯಿ ಕಟ್ಟುತ್ತಿದ್ದಿರಿ. 201 ಆಗಿದ್ದರೆ 1,778 ರೂಪಾಯಿ. ಒಂದೇ ಒಂದು ಯೂನಿಟ್‌ಗೆ ಇಷ್ಟು ಅಂತರ! ಇದು ಇಳಿಜಾರಲ್ಲ, ಪ್ರಪಾತ. ಅಂಚಿನಲ್ಲಿ ಓಡಾಡುವವರಿಗೆ ಒಂದು ಎಚ್ಚರಿಕೆಯ ಹಲಗೆಯಾದರೂ ಬೇಡವೇ ಎಂದು ನನಗೆ ಅನಿಸುತ್ತದೆ. ಬಿಲ್‌ನಲ್ಲಿ ಅರ್ಹ ಯೂನಿಟ್ ಅಚ್ಚಾಗಿರುತ್ತದೆ, ನಿಜ. ಆದರೆ ಸೊನ್ನೆ ಬಂದ ಬಿಲ್ಲನ್ನು ಯಾರು ಓದುತ್ತಾರೆ? ಗೇಟಿಗೆ ಸಿಕ್ಕಿಸಿದ ಚೀಟಿ ತೆಗೆದು, ಕೊನೆಯ ಸಾಲು ನೋಡಿ, ಮಡಚಿ ಫ್ರಿಜ್ ಮೇಲೆ ಇಡುತ್ತೇವೆ. ಮೂರು ತಿಂಗಳಲ್ಲಿ ಶಾಯಿಯೂ ಮಾಯ.

ಈಗ ನಿಮ್ಮ ಡಿಸೆಂಬರ್ ಚೀಟಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಹಿಂದಿನ ರೀಡಿಂಗ್ 14,382, ಈಗಿನ ರೀಡಿಂಗ್ 14,588. ಕಳೆದರೆ 206. ಈ ಈಗಿನ ರೀಡಿಂಗ್ ಮೀಟರ್‌ಗೆ ಹೊಂದುತ್ತದಾ ನೋಡಿ. ಡಿಜಿಟಲ್ ಮೀಟರ್‌ನ ಪರದೆಯಲ್ಲಿ ದಿನಾಂಕ, ಸಮಯ, ವೋಲ್ಟ್ ಎಲ್ಲ ಒಂದಾದ ಮೇಲೊಂದು ಬಂದು ಹೋಗುತ್ತವೆ. ‘ಕೆಡಬ್ಲ್ಯುಎಚ್’ ಎಂದು ಇರುವ ಸಂಖ್ಯೆಯೇ ಯೂನಿಟ್. ಅದು 14,588ಕ್ಕಿಂತ ಸ್ವಲ್ಪ ಮುಂದೆ ಇದ್ದರೆ ರೀಡಿಂಗ್ ಸರಿಯಾಗಿದೆ. ಹಿಂದೆ ಇದ್ದರೆ ಮಾತ್ರ ಜಗಳಕ್ಕೆ ಕಾರಣವಿದೆ: ಮೀಟರ್‌ನ ಫೋಟೊ ತೆಗೆದು, ಕರೆಂಟ್ ಹಂಚುವ ಬೆಸ್ಕಾಂನ ಸಹಾಯವಾಣಿ 1912ಕ್ಕೆ ದೂರು ಕೊಡಿ, ಉಪವಿಭಾಗದ ಕಚೇರಿಗೂ ಬರೆದುಕೊಡಿ.

ಇನ್ನು ದುಡ್ಡಿನ ಭಾಗ. ನಿಮ್ಮ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಲು ಒಪ್ಪಿಗೆ ಇರುವ ಗರಿಷ್ಠ ಕರೆಂಟ್, 3 ಕಿಲೋವ್ಯಾಟ್. 2025-26ರ ದರದಲ್ಲಿ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ 435. ಇದು ದೀಪ ಹಚ್ಚದಿದ್ದರೂ ಬರುವ ಬಾಡಿಗೆ ಇದ್ದ ಹಾಗೆ. ಸೊನ್ನೆ ಬಿಲ್ ತಿಂಗಳಲ್ಲಿ ಇದನ್ನೂ ಸರ್ಕಾರವೇ ಕಟ್ಟುತ್ತಿತ್ತು, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ವಿದ್ಯುತ್ ಶುಲ್ಕ ಯೂನಿಟ್‌ಗೆ 5.80ರಂತೆ 206ಕ್ಕೆ 1,194.80. ಅದರ ಕೆಳಗೆ ಪಿಂಚಣಿ ಮತ್ತು ಗ್ರಾಚ್ಯುಟಿ ಎಂಬ ಸಾಲು: ಕರೆಂಟ್ ಸಾಗಿಸುವ ಕೆಪಿಟಿಸಿಎಲ್ ಮತ್ತು ಬೆಸ್ಕಾಂನಂಥ ಹಂಚಿಕೆ ಕಂಪನಿಗಳ (ಎಸ್ಕಾಂ) ನೌಕರರ ನಿವೃತ್ತಿ ಹಣದ ಪಾಲನ್ನು ಗ್ರಾಹಕರಿಂದ ವಸೂಲಿ ಮಾಡಲು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿದ್ದರಿಂದ 2025ರ ಏಪ್ರಿಲ್‌ನಿಂದ ಬಂದ ಹೊಸ ಸಾಲು ಇದು. 2025-26ರಲ್ಲಿ ಯೂನಿಟ್‌ಗೆ 36 ಪೈಸೆ, ನಿಮಗೆ 74.16. ವಿದ್ಯುತ್ ಶುಲ್ಕದ ಮೇಲೆ ರಾಜ್ಯದ ತೆರಿಗೆ ಶೇ. 9, ಅಂದರೆ 107.53. ಎಲ್ಲ ಸೇರಿ 1,811.49. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂದು ಇನ್ನೊಂದು ಸಾಲಿದೆ, ಮೇಲಿನ ಮೊತ್ತದಲ್ಲಿ ಅದನ್ನು ಸೇರಿಸಿಲ್ಲ. ಬೆಸ್ಕಾಂ ಕರೆಂಟ್ ಕೊಳ್ಳುವ ಬೆಲೆ ಏರಿಳಿದಂತೆ ಇದೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಒಮ್ಮೊಮ್ಮೆ ಮೈನಸ್ ಕೂಡ ಆಗುತ್ತದೆ.

‘ನೂರು ಯೂನಿಟ್ ದಾಟಿದರೆ ರೇಟೇ ಬದಲಾಗುತ್ತಲ್ಲ’ ಎಂದು ಪಕ್ಕದ ಮನೆಯವರು ಹೇಳಿದರಂತೆ. ಅದು ಹಳೆಯ ಮಾತು. 2023-24ರಲ್ಲಿ ನೂರರವರೆಗೆ 4.75, ನೂರು ದಾಟಿದರೆ ಎಲ್ಲಕ್ಕೂ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ ಮನೆಗಳಿಗೆ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ.

ಹಾಗಾದರೆ ಆ ಹದಿನೈದು ಯೂನಿಟ್ ಎಲ್ಲಿಂದ ಬಂತು? ಇಲ್ಲಿ ದಿನಾಂಕ ನೋಡಬೇಕು. ನಿಮ್ಮ ಎರಡೂ ಬಿಲ್‌ಗಳು ಸರಿಯಾಗಿ ಮೂವತ್ತು ದಿನದವು: ಅಕ್ಟೋಬರ್ 6ರಿಂದ ನವೆಂಬರ್ 5, ಅಲ್ಲಿಂದ ಡಿಸೆಂಬರ್ 5. ಆದ್ದರಿಂದ ಬಳಕೆ ನಿಜವಾಗಿ ಏರಿದೆ, ದಿನಕ್ಕೆ ಅರ್ಧ ಯೂನಿಟ್. (ಮೀಟರ್ ಓದುವವರು ಮೂರು ದಿನ ತಡವಾಗಿ ಬಂದಿದ್ದರೆ, ಅಥವಾ ಬಾಗಿಲಿಗೆ ಬೀಗವಿದ್ದು ಹಿಂದಿನ ತಿಂಗಳು ಸರಾಸರಿ ಬಿಲ್ ಹಾಕಿದ್ದರೆ, ಯೂನಿಟ್ ಹೆಚ್ಚು ಕಂಡರೂ ದಿನದ ಬಳಕೆ ಅಷ್ಟೇ ಇರುತ್ತದೆ. ಹಾಗಾಗಿ ಯಾವಾಗಲೂ ದಿನಕ್ಕೆ ಭಾಗಿಸಿಯೇ ಹೋಲಿಸಿ.)

ಸಾವಿರ ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ನಿಮ್ಮ ಗೀಸರ್ 2,000 ವ್ಯಾಟ್ ಎಂದಿದ್ದೀರಿ. ದಿನಕ್ಕೆ ಕಾಲು ಗಂಟೆ ಹೆಚ್ಚು ಉರಿದರೆ ಅರ್ಧ ಯೂನಿಟ್, ತಿಂಗಳಿಗೆ ಹದಿನೈದು. ನವೆಂಬರ್‌ನ ಮೋಡ, ಬೆಳಗಿನ ಚಳಿ, ಇನ್ನೊಂದು ಬಕೆಟ್ ಬಿಸಿನೀರು: ಹೊಸ ಸಾಮಾನು ತರದೆಯೂ ಬಿಲ್ ಏರುವುದು ಹೀಗೇ. ನನಗಂತೂ ಗೀಸರ್ ಮೇಲೆಯೇ ಅನುಮಾನ. ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಇರುವವರ ಮನೆಯಲ್ಲಿ ಈ ಕಾಲದಲ್ಲಿ ಅದರ ಬ್ಯಾಕಪ್ ಕಾಯಿಲ್‌ನ ಸ್ವಿಚ್ ಹಾಕಿ ಮರೆತಿರುವುದೂ ಉಂಟು.

ಗೃಹಜ್ಯೋತಿ ರದ್ದಾಗಿಲ್ಲ. ಮುಂದಿನ ತಿಂಗಳು ಮತ್ತೆ 198ರೊಳಗೆ ಬಂದರೆ ಮತ್ತೆ ಸೊನ್ನೆ, ಹೊಸದಾಗಿ ಅರ್ಜಿ ಹಾಕಬೇಕಿಲ್ಲ. ಬಾಡಿಗೆಯವರು ಮನೆ ಬದಲಿಸುವಾಗ ಮಾತ್ರ ಹಳೆಯ ಮನೆಯ ಖಾತೆಯಿಂದ ಆಧಾರ್ ಬಿಡಿಸಿಕೊಳ್ಳಬೇಕು.

ಗ್ಯಾಸ್ ಬಿಲ್ ಬಗ್ಗೆಯೂ ಕೊನೆಯಲ್ಲಿ ಕೇಳಿದ್ದೀರಿ. ಕೊಳವೆ ಗ್ಯಾಸ್‌ನ ಬಿಲ್ ನನ್ನ ಪ್ರಕಾರ ಕರೆಂಟ್ ಬಿಲ್ಲಿಗಿಂತ ಸುಲಭ, ಗೊಂದಲವಾಗುವುದು ಅಳತೆಯಲ್ಲಿ. ಅಲ್ಲಿ ಕಿಲೋ ಇಲ್ಲ, ಘನ ಮೀಟರ್. ಒಂದು 14.2 ಕಿಲೋ ಸಿಲಿಂಡರ್ ಕೊಡುವ ಶಾಖಕ್ಕೆ ಸುಮಾರು 18 ಘನ ಮೀಟರ್ ಕೊಳವೆ ಗ್ಯಾಸ್ ಬೇಕು. ಹಾಗಾಗಿ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ 24 ಎಂದಿದ್ದರೆ ಗಾಬರಿ ಬೇಡ, ಅದು ಒಂದು ಸಿಲಿಂಡರ್ ಮತ್ತು ಮೂರನೇ ಒಂದು ಭಾಗ. ಮೀಟರ್‌ನಲ್ಲಿ ಕಪ್ಪು ಅಂಕಿಗಳೂ ಕೆಂಪು ಅಂಕಿಗಳೂ ಇರುತ್ತವೆ; ಕೆಂಪಿನವು ದಶಮಾಂಶದ ಆಚೆಯವು, ಲೆಕ್ಕಕ್ಕೆ ಕಪ್ಪಿನವು ಮಾತ್ರ. ಒಮ್ಮೆ ನಾನೇ ರೀಡಿಂಗ್ ಕಳಿಸುವಾಗ ಕನ್ನಡಕ ಹಾಕದೆ 214ರ ಬದಲು ಕೆಂಪನ್ನೂ ಸೇರಿಸಿ 214638 ಎಂದು ಟೈಪ್ ಮಾಡಿದ್ದೆ. ಮದುವೆ ಛತ್ರದವರೂ ಅಷ್ಟು ಉರಿಸುವುದಿಲ್ಲ! ಫೋಟೊ ಜೊತೆಗಿದ್ದದ್ದರಿಂದ ಬಚಾವಾದೆ.

ಸಿಲಿಂಡರ್ ತರಿಸುವವರು ನೋಡಬೇಕಾದ್ದು ರಸೀದಿಯ ಮೊತ್ತವನ್ನು. ಮನೆಗೆ ತಲುಪಿಸುವ ಖರ್ಚು ಅದರಲ್ಲೇ ಸೇರಿದೆ, ಮೇಲೆ ಕೊಡುವುದು ನಿಮ್ಮ ಖುಷಿ. ಸಿಲಿಂಡರ್ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಸೇರಿಸಿದರೆ ಬರಬೇಕಾದ ತೂಕ ಸಿಗುತ್ತದೆ. ಅನುಮಾನವಿದ್ದರೆ ಬಾಗಿಲಲ್ಲೇ ತೂಗಿ ಕೊಡಿ ಎನ್ನಿ.

ಮತ್ತೆ ನಿಮ್ಮ ಕರೆಂಟ್‌ಗೆ. ಬಿಲ್‌ನ ಮೇಲ್ಭಾಗದಲ್ಲಿ ‘ದಿನಕ್ಕೆ ಇಷ್ಟು, 200ಕ್ಕೆ ಇನ್ನು ಇಷ್ಟು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುವವರೆಗೆ ಆ ಕೆಲಸ ನೀವೇ ಮಾಡಬೇಕು. 14,588ಕ್ಕೆ 198 ಸೇರಿಸಿದರೆ 14,786, 200 ಸೇರಿಸಿದರೆ 14,788. ಎರಡನ್ನೂ ಪೆನ್ಸಿಲ್‌ನಲ್ಲಿ ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ಬರೆದಿಡಿ. ಕ್ರಿಸ್‌ಮಸ್ ದಿನ ಒಮ್ಮೆ ಇಣುಕಿ ನೋಡಿ. ಅಷ್ಟರಲ್ಲಿ 14,720 ದಾಟಿದ್ದರೆ ಗೀಸರ್ ಸ್ವಿಚ್ ಯಾರ ಕೈಯಲ್ಲಿದೆ ಎಂದು ವಿಚಾರಿಸಿಕೊಳ್ಳಿ.