ಒತ್ತಡ ತಾಳದ ಹಂದಿಗಳು: ಅಡ್ರಿನಲ್ ಗ್ರಂಥಿಯ ಲೆಕ್ಕಾಚಾರ

ಈ ಪಾಠದಲ್ಲಿ ಎಡವುವ ಜಾಗ ಒಂದೇ. ರಕ್ತದಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಎಷ್ಟಿದೆ ಅಂತ ನೋಡಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತಯಾರಿಸುತ್ತಿರುವುದೂ ಅಷ್ಟೇ ಅಂದುಕೊಳ್ಳುವುದು. ಎರಡೂ ಬೇರೆ ಬೇರೆ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು.

ಮೊದಲು ಪ್ರಾಣಿಯನ್ನು ನೋಡೋಣ. ಲಾರಿಗೆ ಹತ್ತಿಸುವಾಗ ಒತ್ತಡ ತಾಳದ ಹಂದಿಯ ಬಾಲ ನಡುಗಲು ಶುರುವಾಗುತ್ತದೆ. ಆಮೇಲೆ ಮೈಯ ಸ್ನಾಯುಗಳು ಅದುರುತ್ತವೆ. ಬಿಳಿ ಹಂದಿಯಾದರೆ ಚರ್ಮದ ಮೇಲೆ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಬಿಳಚಿದ ಮಚ್ಚೆ. ಬಾಯಿ ತೆರೆದು ಏದುಸಿರು ಬಿಡುತ್ತದೆ. ಸಹಜವಾಗಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕಾದ ಮೈಬಿಸಿ 41 ದಾಟುತ್ತದೆ. ಕಾಲು ಸೆಟೆದು ಬೀಳುತ್ತದೆ, ಎಷ್ಟೋ ಸಲ ಅಲ್ಲೇ ಸಾಯುತ್ತದೆ. ಸತ್ತ ಕೆಲವೇ ನಿಮಿಷದಲ್ಲಿ ದೇಹ ಮರಗಟ್ಟುತ್ತದೆ. 1968ರಲ್ಲಿ ಅಮೆರಿಕದ ಟೋಪೆಲ್ ಮತ್ತು ಸಂಗಡಿಗರು ಇದಕ್ಕೆ ಪೋರ್ಸೈನ್ ಸ್ಟ್ರೆಸ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬೆಲ್ಜಿಯಂನ ಪಿಯೆಟ್ರೇನ್, ಅಮೆರಿಕದ ಪೋಲೆಂಡ್ ಚೈನಾ, ಯುರೋಪಿನ ಕೆಲವು ಲ್ಯಾಂಡ್ರೇಸ್ ವಂಶಗಳಲ್ಲಿ ಇದು ಜಾಸ್ತಿ ಕಂಡಿತು. ಎಲ್ಲವೂ ಕೊಬ್ಬು ಕಡಿಮೆ, ಮಾಂಸ ಹೆಚ್ಚು ಎಂದು ಆರಿಸಿ ಬೆಳೆಸಿದ ಹಂದಿಗಳೇ.

ಸಣ್ಣ ಗಾಬರಿಗೇ ಪ್ರಾಣಿ ಸತ್ತರೆ ಅನುಮಾನ ಯಾರ ಮೇಲೆ ಬರುತ್ತದೆ? ಒತ್ತಡವನ್ನು ನಿಭಾಯಿಸಬೇಕಾದ ಅಡ್ರಿನಲ್ ಗ್ರಂಥಿಯ ಮೇಲೆ ತಾನೆ? ಆ ಕಾಲದ ಹಲವು ಸಂಶೋಧಕರೂ ಹಾಗೇ ಯೋಚಿಸಿದರು. ಗ್ರಂಥಿ ಸೋತಿದೆ, ಕಾರ್ಟಿಸಾಲ್ ಸಾಲುತ್ತಿಲ್ಲ ಎಂಬುದು ಅವರ ಊಹೆ. ಆಗ ಕೈಯಲ್ಲಿದ್ದ ಸುಳಿವಿಗೆ ಅದು ಒಳ್ಳೆಯ ಊಹೆಯೇ.

ಕಾರ್ಟಿಸಾಲ್ ತಯಾರಾಗುವ ದಾರಿ ಇಲ್ಲಿ ನೆನಪಿರಬೇಕು. ಮೆದುಳಿನ ಹೈಪೊಥಲಾಮಸ್‌ನಿಂದ ಸಿಆರ್‌ಎಚ್ ಎಂಬ ಹಾರ್ಮೋನ್, ಅದರಿಂದ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಎಂಬ ಹಾರ್ಮೋನ್, ಅದು ರಕ್ತದಲ್ಲಿ ಸಾಗಿ ಅಡ್ರಿನಲ್‌ನ ಹೊರಪದರಕ್ಕೆ. ಅಲ್ಲಿ ನಡುವಿನ ಜೋನಾ ಫ್ಯಾಸಿಕ್ಯುಲೇಟಾ ಜೀವಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತದೆ. ಸ್ಟಾರ್ ಎಂಬ ಪ್ರೊಟೀನ್ ಕೊಲೆಸ್ಟರಾಲನ್ನು ಮೈಟೊಕಾಂಡ್ರಿಯದ ಒಳಪೊರೆಗೆ ಸಾಗಿಸುತ್ತದೆ. ಇದೇ ಇಡೀ ಕೆಲಸದ ನಿಧಾನದ ಹಂತ. ಮುಂದೆ ಪ್ರೆಗ್ನೆನೊಲೋನ್, ಹಂತ ಹಂತವಾಗಿ ಕೊನೆಗೆ ಕಾರ್ಟಿಸಾಲ್. ಗ್ರಂಥಿ ಇದನ್ನು ಕೂಡಿಡುವುದಿಲ್ಲ, ಬೇಕೆಂದಾಗ ಆಗಿಂದಾಗ ತಯಾರಿಸುತ್ತದೆ. ಒಳಪದರದ ಅಡ್ರಿನಾಲಿನ್ ಹಾಗಲ್ಲ. ಅದು ಮೊದಲೇ ಸಿದ್ಧವಾಗಿ ಸಣ್ಣ ಕಣಗಳಲ್ಲಿ ಕೂತಿರುತ್ತದೆ, ನರ ಕೆಣಕಿದ ತಕ್ಷಣ ಹೊರಬರುತ್ತದೆ. ಹಾಗಾಗಿ ಗಾಬರಿಯಾದ ಹಂದಿಯಲ್ಲಿ ಅಡ್ರಿನಾಲಿನ್ ಏರಲು ಸೆಕೆಂಡುಗಳು ಸಾಕು, ಕಾರ್ಟಿಸಾಲ್ ಏರಲು ನಿಮಿಷಗಳು ಬೇಕು.

ಈಗ ಮುಖ್ಯ ಮಾತಿಗೆ ಬರೋಣ. ಒತ್ತಡ ತಾಳದ ಹಂದಿಗಳ ರಕ್ತದಲ್ಲಿ ಎಸಿಟಿಎಚ್ ಜಾಸ್ತಿ ಇರುವುದು ಕಂಡುಬಂತು. ಆದರೆ ಕಾರ್ಟಿಸಾಲ್ ಅದಕ್ಕೆ ತಕ್ಕಷ್ಟು ಏರಿರಲಿಲ್ಲ. ಗ್ರಂಥಿ ಮಾತು ಕೇಳುತ್ತಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ 1973ರಲ್ಲಿ ಮಾರ್ಪಲ್ ಮತ್ತು ಕ್ಯಾಸೆನ್ಸ್ ಇನ್ನೊಂದು ಬದಿಯನ್ನು ಅಳೆದರು. ಈ ಹಂದಿಗಳ ದೇಹ ಕಾರ್ಟಿಸಾಲನ್ನು ರಕ್ತದಿಂದ ಬೇಗ ಬೇಗ ತೆಗೆದುಹಾಕುತ್ತಿತ್ತು. ತೊಟ್ಟಿಯ ನೀರಿನ ಮಟ್ಟ ನೋಡಿ ನಲ್ಲಿ ಎಷ್ಟು ಜೋರಾಗಿದೆ ಎಂದು ಹೇಳಲು ಬರುವುದಿಲ್ಲ, ಕೆಳಗಿನ ತೂಬು ಎಷ್ಟು ತೆರೆದಿದೆ ಅಂತಲೂ ಗೊತ್ತಿರಬೇಕು. ಸೂತ್ರ ಇಷ್ಟೇ: ಸ್ಥಿರ ಸ್ಥಿತಿಯಲ್ಲಿ ಉತ್ಪಾದನೆ ಎಂದರೆ ರಕ್ತದ ಸಾಂದ್ರತೆಯನ್ನು ವಿಲೇವಾರಿ ದರದಿಂದ ಗುಣಿಸಿದ್ದು. ಮಟ್ಟ ಮಾಮೂಲಿ, ವಿಲೇವಾರಿ ಜೋರು ಅಂದರೆ ಉತ್ಪಾದನೆ ಹೆಚ್ಚೇ ಆಗಿರಬೇಕು. ಸೋತ ಗ್ರಂಥಿಯ ಲಕ್ಷಣ ಇದಲ್ಲ. ಮೈಮುರಿದು ದುಡಿಯುತ್ತಿರುವ ಗ್ರಂಥಿಯದು. ಎಸಿಟಿಎಚ್ ಯಾಕೆ ಜಾಸ್ತಿ ಎಂಬುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ: ಬೇಗ ಖಾಲಿಯಾಗುವ ಕಾರ್ಟಿಸಾಲನ್ನು ತುಂಬಿಸಲು ಗ್ರಂಥಿಯನ್ನು ಹೆಚ್ಚು ದುಡಿಸಬೇಕು. ಈ ಪಾಠದಲ್ಲಿ ನನಗೆ ತುಂಬ ಇಷ್ಟವಾದ ತರ್ಕ ಇದು.

ಹಾಗಾದರೆ ಮೂಲ ದೋಷ ಎಲ್ಲಿ? ಸ್ನಾಯುವಿನಲ್ಲಿ. 1991ರಲ್ಲಿ ಕೆನಡಾದ ಟೊರೊಂಟೊದ ಮ್ಯಾಕ್‌ಲೆನನ್ ತಂಡ ಹಂದಿಯ 6ನೇ ಕ್ರೋಮೊಸೋಮಿನ ಆರ್‌ವೈಆರ್1 ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರದ ಬದಲಾವಣೆ ತೋರಿಸಿತು. 1843ನೇ ಸ್ಥಾನದಲ್ಲಿ ಸಿ ಬದಲು ಟಿ. ಅದರಿಂದ ಪ್ರೊಟೀನ್‌ನ 615ನೇ ಅಮೈನೊ ಆಮ್ಲ ಆರ್ಜಿನೈನ್ ಇದ್ದದ್ದು ಸಿಸ್ಟೀನ್ ಆಯಿತು. ಈ ಪ್ರೊಟೀನ್ ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ಬಿಡುವ ಚಾನೆಲ್. ದೋಷವಿದ್ದರೆ ಸುಲಭವಾಗಿ ತೆರೆಯುತ್ತದೆ, ಮುಚ್ಚಲು ತಡ ಮಾಡುತ್ತದೆ. ಕ್ಯಾಲ್ಸಿಯಂ ತುಂಬಿ ಸ್ನಾಯು ಸೆಟೆಯುತ್ತದೆ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೊಜನ್ ಉರಿದು ಲ್ಯಾಕ್ಟಿಕ್ ಆಮ್ಲ ಮತ್ತು ಬಿಸಿ ಏರುತ್ತವೆ. ಐದು ಬೇರೆ ಬೇರೆ ತಳಿಗಳಲ್ಲೂ ಇದೇ ಬದಲಾವಣೆ ಸಿಕ್ಕಿತು. ತಂದೆ ತಾಯಿ ಇಬ್ಬರಿಂದಲೂ ಈ ಬದಲಾದ ಜೀನಿನ ಪ್ರತಿ ಬಂದ ಮರಿಗಷ್ಟೇ ಪೂರ್ತಿ ರೋಗ. ಡಿಎನ್‌ಎ ಪರೀಕ್ಷೆ ಬರುವ ಮುಂಚೆ ಮರಿಗಳ ಮೂತಿಗೆ ಮುಸುಕು ಹಾಕಿ ಕೆಲವು ನಿಮಿಷ ಹ್ಯಾಲೊಥೇನ್ ಎಂಬ ಅರಿವಳಿಕೆ ಉಸಿರಾಡಿಸುತ್ತಿದ್ದರು. ಹಿಂಗಾಲು ಸೆಟೆದರೆ ಪಾಸಿಟಿವ್.

ಅಡ್ರಿನಲ್‌ಗೆ ಇದರಲ್ಲಿ ಪಾತ್ರವೇ ಇಲ್ಲ ಎಂದು ಬರೆದು ಬಿಡಬೇಡಿ. ಸ್ನಾಯು ಕೆಟ್ಟಾಗ ಅಡ್ರಿನಾಲಿನ್, ನಾರಡ್ರಿನಾಲಿನ್ ಎರಡೂ ವಿಪರೀತ ಏರುತ್ತವೆ. ಇದು ಬಹುಮಟ್ಟಿಗೆ ಪರಿಣಾಮ, ಆದರೂ ಅಡ್ರಿನಾಲಿನ್ ಗ್ಲೈಕೊಜನ್ ಒಡೆಯುವುದನ್ನು ಇನ್ನೂ ಚುರುಕು ಮಾಡುತ್ತದೆ. ಕಡಿದ ಮೇಲೆ ಮಾಂಸ ಇನ್ನೂ ಬಿಸಿಯಿರುವಾಗಲೇ, 45 ನಿಮಿಷದೊಳಗೆ ಪಿಎಚ್ 6ಕ್ಕಿಂತ ಕೆಳಗಿಳಿಯುತ್ತದೆ. ಮಾಂಸ ಬಿಳಚಿ, ಮೆತ್ತಗಾಗಿ, ನೀರು ಸೋರುತ್ತದೆ. ಇದೇ ಪಿಎಸ್‌ಇ (ಪೇಲ್, ಸಾಫ್ಟ್, ಎಕ್ಸುಡೇಟಿವ್) ಮಾಂಸ.

ಹಳೆಯ ಅಧ್ಯಯನ ಓದುವಾಗ ಮೊದಲು ಕೇಳಬೇಕಾದದ್ದು, ರಕ್ತ ತೆಗೆದದ್ದು ಯಾವಾಗ? ಹಿಡಿದು ಸೂಜಿ ಚುಚ್ಚಿದ ಹಂದಿಯ ಕಾರ್ಟಿಸಾಲ್ ಆ ಹಿಡಿತದ್ದೂ ಆಗಿರುತ್ತದೆ. ಮೊದಲೇ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಹಾಕಿ, ಪ್ರಾಣಿ ಸುಧಾರಿಸಿಕೊಂಡ ಮೇಲೆ ತೆಗೆದ ರಕ್ತದ ಅಂಕಿಯನ್ನು ಅದರ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.