ಮಲೇಷ್ಯಾ ವೀಸಾಕ್ಕೆ ಲಾಟರಿ ಎತ್ತಿದಾಗ

ದುಡಿಯಲು ಹೊರದೇಶಕ್ಕೆ ಹೋದವರ ಮನೆಗೆ ತಾರಸಿ ಬರುತ್ತದೆ, ಸಾಲ ತೀರುತ್ತದೆ. ಅದು ವಲಸೆಯ ಫಲವೋ, ಹೋದವನ ಚುರುಕುತನದ ಫಲವೋ? ಧೈರ್ಯವಿದ್ದವನು, ಟಿಕೆಟ್ಟಿಗೆ ಹೇಗೋ ದುಡ್ಡು ಹೊಂದಿಸಬಲ್ಲವನು ತಾನೇ ವಿಮಾನ ಹತ್ತುವುದು. ಅಂಥವನು ಊರಲ್ಲೇ ಇದ್ದಿದ್ದರೂ ಒಂದು ದಾರಿ ನೋಡಿಕೊಳ್ಳುತ್ತಿದ್ದ, ಅಲ್ವಾ? ಹೋದವರನ್ನೂ ಉಳಿದವರನ್ನೂ ಸುಮ್ನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಈ ಗಂಟು ಬಿಡಿಸುವ ಅವಕಾಶ 2013ರಲ್ಲಿ ಬಾಂಗ್ಲಾದೇಶದಲ್ಲಿ ತಾನಾಗಿ ಒದಗಿತು. 2009ರಲ್ಲಿ ಮಲೇಷ್ಯಾ ಅಲ್ಲಿಂದ ಕಾರ್ಮಿಕರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸಿತ್ತು. 2012ರ ಕೊನೆಗೆ ಎರಡೂ ಸರ್ಕಾರಗಳು ನೇರ ಒಪ್ಪಂದ ಮಾಡಿಕೊಂಡವು. ನಡುವೆ ಏಜೆಂಟರಿಲ್ಲ, ಖರ್ಚೂ ತುಂಬಾ ಕಡಿಮೆ. ಸುಮಾರು 14 ಲಕ್ಷ ಜನ ಅರ್ಜಿ ಹಾಕಿದರು. ಅಷ್ಟು ಜನರನ್ನು ಕಳಿಸಲು ಹೇಗೂ ಆಗದು, ಲಾಟರಿ ಎತ್ತಿದರು. ಹೊಸ ಔಷಧ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಪರೀಕ್ಷೆಗಳಲ್ಲಿ ಆರಿಸುವುದೂ ಹೀಗೇ. ಗೆದ್ದವರಿಗೂ ಸೋತವರಿಗೂ ಅದೃಷ್ಟ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ.

ಅರ್ಥಶಾಸ್ತ್ರಜ್ಞ ಅಹ್ಮದ್ ಮುಷ್ಫಿಕ್ ಮೊಬಾರಕ್ ಮತ್ತು ಜೊತೆಗಾರರು ಕೆಲವು ವರ್ಷ ಬಿಟ್ಟು 3,512 ಅರ್ಜಿದಾರರ ಕತೆ ವಿಚಾರಿಸಿದರು. ಮಲೇಷ್ಯಾದಲ್ಲಿ ಸಿಗುವ ಕೆಲಸವೇನೂ ಹಗುರವಲ್ಲ. ತಾಳೆ ಎಣ್ಣೆ ತೋಟದಲ್ಲಿ ಉದ್ದನೆಯ ಗಳಕ್ಕೆ ಸಿಕ್ಕಿಸಿದ ಕುಡುಗೋಲಿನಿಂದ ಗೊನೆ ಕೊಯ್ಯಬೇಕು. ಒಂದೊಂದು ಗೊನೆ 20 ಕಿಲೋ ತೂಗಬಹುದು. ಉದುರಿದ ಹಣ್ಣನ್ನೂ ಬಗ್ಗಿ ಆರಿಸಬೇಕು. ಆದರೂ ಹೋದವರ ಗಳಿಕೆ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು, ಮನೆಯವರ ಬದುಕೂ ಮೇಲೆದ್ದಿತ್ತು. ಹೊರಗಿಂದ ದುಡ್ಡು ಬರುತ್ತದೆಂದು ಉಳಿದವರು ಕೈಕಟ್ಟಿ ಕೂರಲಿಲ್ಲ. ಮನೆಯ ತೀರ್ಮಾನಗಳಲ್ಲಿ ಹೆಂಗಸರ ಮಾತು ಹೆಚ್ಚು ನಡೆಯತೊಡಗಿತು. ಬೆಲೆ ತೆರದೆ ಆದದ್ದಲ್ಲ ಇದು: ಮದುವೆ, ಮಕ್ಕಳು ಮುಂದಕ್ಕೆ ಹೋದವು. ಓಡಾಡಿ ವ್ಯಾಪಾರ ಮಾಡುವವನೇ ಇಲ್ಲದೆ ಸಣ್ಣಪುಟ್ಟ ಧಂದೆಗಳೂ ಕಡಿಮೆಯಾದವು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಗುಂಪು. ಅವರಿಗೂ ಲಾಟರಿ ಹೊಡೆದಿತ್ತು, ಆದರೆ ಸರದಿ ಆಮೇಲೆ ಎಂದರು. ಹೋಗುವ ಆಸೆಯಲ್ಲಿ ಅವರು ಹೊಸ ಕೆಲಸ ಕಲಿಯಲು ದುಡ್ಡು, ಸಮಯ ಹಾಕಿದರು. ಕರೆ ಬರಲೇ ಇಲ್ಲ. ಕಲಿತದ್ದಕ್ಕೆ ಊರಲ್ಲಿ ಒಂದು ರೂಪಾಯಿ ಕೂಲಿಯೂ ಹೆಚ್ಚಾಗಲಿಲ್ಲ. ಕೆಲಸಗಾರರಿದ್ದರು, ಕಲಿಯುವ ಮನಸ್ಸೂ ಇತ್ತು. ವೀಸಾ ಮಾತ್ರ ಇರಲಿಲ್ಲ.

ಇಷ್ಟು ಚೆನ್ನಾಗಿ ಫಲ ಕೊಟ್ಟ ಯೋಜನೆ ಬೆಳೆಯಬೇಕಿತ್ತು. ಹೋದವರು ಕೆಲವೇ ಸಾವಿರ. 2016ರ ಹೊಸ ಒಪ್ಪಂದ ಖಾಸಗಿ ಏಜೆನ್ಸಿಗಳಿಗೆ ಮತ್ತೆ ಬಾಗಿಲು ತೆರೆಯಿತು, ಜನರನ್ನು ಕಳಿಸುವ ಕೆಲಸ ಹತ್ತು ಏಜೆನ್ಸಿಗಳ ಕೈಸೇರಿತು, ಖರ್ಚು ಏರಿತು. 2018ರಲ್ಲಿ ಮಲೇಷ್ಯಾ ಅದನ್ನೂ ನಿಲ್ಲಿಸಿತು.