ಪಿಯಾನೋ ನೋಟ್ಸ್: ಹೊಡೆದು ಬಿಡೋ ಸುತ್ತಿಗೆ

ಥಿಯರಿ ಕ್ಲಾಸಲ್ಲಿ ಅರ್ಧಂಬರ್ಧ ಬರ್ಕೊಂಡಿದ್ದನ್ನ ನಮ್ ಬ್ಯಾಚಿನವ್ರಿಗೆ ಸ್ವಲ್ಪ ಬಿಡಿಸಿ ಟೈಪ್ ಮಾಡ್ತಿದೀನಿ, ಮಡಿಕೇರೀಲಿ ಮಳೆ ಬಿಡೋ ಲಕ್ಷಣ ಇಲ್ಲ, ಕರೆಂಟ್ ಇರೋವಾಗ್ಲೇ ಮುಗಿಸ್ತೀನಿ.

ಪಿಯಾನೋಗೆ ಮುಂಚೆ ಇದ್ದಿದ್ದು ಹಾರ್ಪ್ಸಿಕಾರ್ಡ್. ಅದ್ರಲ್ಲಿ ಕೀ ಒತ್ತಿದ್ರೆ ಒಳಗಡೆ ಒಂದು ಸಣ್ಣ ಕೊಕ್ಕೆ ತಂತಿನ ಮೀಟುತ್ತೆ. ನೀವು ಮೆತ್ತಗೆ ಒತ್ತಿ, ಗುದ್ದಿ, ಸದ್ದು ಹೆಚ್ಚುಕಮ್ಮಿ ಅಷ್ಟೇ. ಕ್ಲಾವಿಕಾರ್ಡ್ ಅಂತ ಇನ್ನೊಂದಿತ್ತು, ಅದ್ರಲ್ಲಿ ಬೆರಳಿನ ಭಾರ ಕೇಳ್ಸುತ್ತೆ ಆದ್ರೆ ಪಕ್ಕದ ರೂಮಿಗೂ ಕೇಳಲ್ಲ. ಇವೆರಡರ ನಡುವಿನ ತಲೆನೋವನ್ನ ಬಗೆಹರಿಸಿದ್ದು ಇಟಲಿಯ ಫ್ಲಾರೆನ್ಸಲ್ಲಿ, ಅಲ್ಲಿ ಆಳ್ತಿದ್ದ ಮೆಡಿಚಿ ಮನೆತನದ ವಾದ್ಯಗಳನ್ನ ನೋಡ್ಕೊಳ್ತಿದ್ದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ. 1700ರ ಅರಮನೆ ಲಿಸ್ಟಲ್ಲೇ ಈ ಹೊಸ ವಾದ್ಯ ಇದೆ, ಪಿಯಾನೋ ಮತ್ತೆ ಫೋರ್ಟೆ ಎರಡೂ ಮಾಡುತ್ತೆ ಅಂತ ಬರ್ದಿದಾರೆ. ಪಿಯಾನೋ ಅಂದ್ರೆ ಮೆಲ್ಲಗೆ, ಫೋರ್ಟೆ ಅಂದ್ರೆ ಜೋರಾಗಿ. ಬರ್ತಾ ಬರ್ತಾ 'ಜೋರು' ಉದುರಿಹೋಗಿ ಬರೀ 'ಮೆಲ್ಲಗೆ' ಉಳ್ಕೊಂಡಿದೆ, ಇಷ್ಟು ಗದ್ದಲದ ವಾದ್ಯಕ್ಕೆ! ಅವ್ರು ಮಾಡಿದ್ದರಲ್ಲಿ ಮೂರು ಈಗ್ಲೂ ಉಳಿದಿವೆ, ಹಳೇದು 1720ರದ್ದು, ನ್ಯೂಯಾರ್ಕ್ ಮ್ಯೂಸಿಯಮಲ್ಲಿದೆ.

ಈಗ ಅಸಲಿ ವಿಷ್ಯ. ತಂತಿಗೆ ಸುತ್ತಿಗೆ ಹೊಡ್ಸೋದು ದೊಡ್ಡ ಐಡಿಯಾ ಏನಲ್ಲ, ಹೊಡೆದ ತಕ್ಷಣ ಅದನ್ನ ಬಿಡ್ಸೋದು ದೊಡ್ಡದು. ದುಡಿ ಬಡಿದು ಕೋಲನ್ನ ಚರ್ಮದ ಮೇಲೇ ಒತ್ತಿ ಹಿಡಿದ್ರೆ ಸದ್ದು ಸತ್ತೋಗುತ್ತಲ್ಲ, ಹಂಗೇ. ಬೆರಳು ಕೀ ಮೇಲೇ ಇದ್ರೂ ಸುತ್ತಿಗೆ ಕಳಚ್ಕೊಂಡು ಹಿಂದೆ ಬೀಳೋ ವ್ಯವಸ್ಥೆಗೆ ಎಸ್ಕೇಪ್‌ಮೆಂಟ್ ಅಂತಾರೆ, ಎಕ್ಸಾಮಿಗೆ ಇದು ಗ್ಯಾರಂಟಿ ಓದ್ಕೊಳ್ಳಿ. ನಾಳೆ ಕ್ಲಾಸಿಗೆ ಬೇಗ ಬಂದು ಒಂದ್ಸಲ ಮಾಡಿ ನೋಡಿ: ಒಂದು ಕೀನ ತುಂಬಾ ತುಂಬಾ ನಿಧಾನಕ್ಕೆ ಒತ್ತಿ, ಸದ್ದೇ ಬರಲ್ಲ, ಕೆಳಗೆ ಮುಟ್ಟೋಕೆ ಸ್ವಲ್ಪ ಮುಂಚೆ ಬೆರಳಿಗೆ ಏನೋ ಜಾರಿದಂಗೆ ಆಗುತ್ತೆ, ಅದೇ ಸುತ್ತಿಗೆ ಕಳಚ್ಕೊಂಡ ಜಾಗ. ಅಲ್ಲಿಂದಾಚೆ ಅದು ನಿಮ್ಮ ಕೈಲಿಲ್ಲ. ಎಷ್ಟು ಸ್ಪೀಡಲ್ಲಿ ಎಸೆದ್ರಿ ಅನ್ನೋದೇ ಲೆಕ್ಕ.

ಆಮೇಲಿನ ಹಿಸ್ಟರಿ ಬೇಗ ಹೇಳ್ಬಿಡ್ತೀನಿ. 1821ರಲ್ಲಿ ಪ್ಯಾರಿಸ್ಸಿನ ಎರಾರ್, ಕೀ ಪೂರ್ತಿ ಮೇಲೆ ಬರೋ ಮುಂಚೇನೇ ಮತ್ತೆ ಹೊಡೆಯೋ ಥರ ಮಾಡಿದ್ರು. 1825ರಲ್ಲಿ ಬಾಸ್ಟನ್ನಿನ ಬ್ಯಾಬ್‌ಕಾಕ್ ಇಡೀ ಎರಕದ ಕಬ್ಬಿಣದ ಫ್ರೇಮಿಗೆ ಪೇಟೆಂಟ್ ತಗೊಂಡ್ರು. ಕಬ್ಬಿಣ ಯಾಕೆ ಅಂದ್ರೆ ಈಗಿನ ಗ್ರ್ಯಾಂಡಲ್ಲಿ 88 ಕೀಗೆ ಸುಮಾರು 230 ತಂತಿ, ಒಟ್ಟು ಎಳೆತ 20 ಟನ್ ಹತ್ರ, ನಮ್ ಲೆಕ್ಕದಲ್ಲಿ 50 ಕೆಜಿಯ 400 ಕಾಫಿ ಮೂಟೆ, ಬರೀ ಮರ ತಡ್ಕೊಳ್ಳಲ್ಲ.

ಜನಕ್ಕೆ ಇನ್ನೂ ಯಾಕಿಷ್ಟು ಹುಚ್ಚು? ನಂಗನ್ಸೋದು, ಪಿಟೀಲಲ್ಲಿ ಒಂದು ಸ್ವರ ನೆಟ್ಟಗೆ ಬರೋಕೇ ತಿಂಗಳುಗಟ್ಲೆ, ಇಲ್ಲಿ ಮಗು ಒತ್ತಿದ್ರೂ ಶ್ರುತಿ ಸರಿ, ಜೊತೆಗೆ ರಾಗ, ಅದ್ರ ಕೆಳಗಿನ ಕಾರ್ಡ್ಸ್ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಎಲ್ಲ ಒಬ್ರೇ ನುಡಿಸ್ಬೋದು. ಆದ್ರೆ ಹೊಡೆದ ಸ್ವರನ ಆಮೇಲೆ ಜಗ್ಗೋಕಾಗಲ್ಲ, ಗಮಕ ಇಲ್ಲ, ಅದಕ್ಕೇ ಪಿಟೀಲು ಕರ್ನಾಟಕ ಸಂಗೀತದೊಳಗೆ ಬಂದಂಗೆ ಇದು ಬರ್ಲಿಲ್ಲ.

ಇನ್ನೊಂದು, ಪ್ರಾಕ್ಟಿಕಲ್. ತೇವಕ್ಕೆ ಒಳಗಿನ ಸೌಂಡ್‌ಬೋರ್ಡ್, ಅಂದ್ರೆ ತಂತಿಯ ಸದ್ದು ದೊಡ್ಡದು ಮಾಡೋ ಮರದ ಹಲಗೆ, ಉಬ್ಬಿ ತಂತಿ ಬಿಗಿಯಾಗುತ್ತೆ, ಸ್ವರ ಮೇಲಕ್ಕೆ ಹೋಗುತ್ತೆ, ನಮ್ ಕ್ಲಾಸಿನ ಹಳೇ ಪಿಯಾನೋ ಜುಲೈಲಿ ಕೆಟ್ಟದಾಗಿ ಕೇಳೋದು ಅದಕ್ಕೇ. ಈಗ್ಲೇ ಟ್ಯೂನ್ ಮಾಡ್ಸಿದ್ರೆ ದುಡ್ಡು ದಂಡ, ಹುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ಗಾಳಿ ಒಣಗಿ ಮತ್ತೆ ಇಳಿಯುತ್ತೆ. ನಡುವಿನ ಎಫ್ ಕೀ ಬೇರೆ ಒತ್ತಿದ್ರೆ ಮೇಲೆ ಬರಲ್ಲ, ಅಲ್ಲೀತನಕ ಅದನ್ನ ಉಗುರಲ್ಲಿ ಎತ್ತಿ ಎತ್ತಿ ನುಡ್ಸಿ.